ಹೊಸಿಲು ಒಣಗಿದ ಭಾನುವಾರ

"ಅಲ್ಲೇ ನಿಂತ್ಕೊಳ್ಳಿ. ಇನ್ನೊಂದು ಹೆಜ್ಜೆ ಮುಂದೆ ಬರಬೇಡಿ."

ರೇಷ್ಮೆ ಹುಳು ಸಾಕುವ ಮನೆಯ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತವನು ಹಾಗೆ ಹೇಳಿದಾಗ ತೇಜಸ್ವಿನಿಗೆ ಮೊದಲು ಕೋಪ ಬಂತು, ಅದರ ಹಿಂದೆಯೇ ಅಳು. ಕೇಳಲು ಬಂದದ್ದು ಒಂದು ಹಿಡಿ ಹಿಪ್ಪುನೇರಳೆ ಸೊಪ್ಪು. ಅದಕ್ಕೆ ಇಷ್ಟು ಅವಮಾನವೇ?

"ಏಮೈಂದಂಡೀ ಇಪ್ಪುಡು?" ಎಂದಳು. ಆಂಧ್ರದ ಗಡಿಯಂಚಿನ ಗೌನಿಪಲ್ಲಿಯ ಹುಡುಗಿ, ತಲೆ ಕೆಟ್ಟಾಗ ಬಾಯಿಗೆ ಮೊದಲು ತೆಲುಗೇ ಬರುತ್ತಿತ್ತು.

ಅವನು ಕಣ್ಣಲ್ಲೇ ನಕ್ಕ. "ಏನೂ ಆಗಿಲ್ಲ ರೀ. ನಿಮ್ಮ ಮೈಮೇಲೆ ಒಂದು ಬಾಟ್ಲಿ ಫಿನಾಯಿಲ್ ಇದೆ. ಒಳಗೆ ಹುಳ ಜ್ವರಕ್ಕೆ ಕೂತಿವೆ."

ಹುಳ ಹಳೆಯ ಚರ್ಮ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುವುದು. ಆ ಹೊತ್ತಿನಲ್ಲಿ ಬೀಡಿಯ ಹೊಗೆ, ಪೌಡರು, ಫಿನಾಯಿಲು ಯಾವುದೂ ಹತ್ತಿರ ಸುಳಿಯಬಾರದು. ಹುಳು ಮನೆಯ ಯಜಮಾನ ಚಂದ್ರಮೋಹನ ಇದನ್ನೆಲ್ಲ ಅಂಗಳದಲ್ಲಿ ಹತ್ತಡಿ ದೂರ ನಿಂತು ವಿವರಿಸಿದ. ಹತ್ತಡಿ ಎಂದು ತೇಜಸ್ವಿನಿ ಕಣ್ಣಲ್ಲೇ ಅಳೆದಳು. ನರಸಾಪುರದ ಫ್ಯಾಕ್ಟರಿಯಲ್ಲಿ ಅವಳದು ಕ್ವಾಲಿಟಿ ವಿಭಾಗ, ಅಳೆಯುವುದೇ ಕೆಲಸ.

ಅವನು ತಾನೇ ಹೋಗಿ ಎಳೆಯ ಸೊಪ್ಪು ಕೊಯ್ದು ತಂದು, ಕಲ್ಲಿನ ಮೇಲಿಟ್ಟು ಹಿಂದೆ ಸರಿದ. ಯಾರಿಗೆ ಎಂದು ಕೇಳಿದ. ಮೊಲಕ್ಕೆ ಅಂದಳು. ಅಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಬೆಳಗಿನಿಂದ ಯಾರ ಹತ್ತಿರವೂ ಹೇಳಿಕೊಳ್ಳದ ಸಂಕಟ ಅಪರಿಚಿತನ ಮುಂದೆ ಹರಿದುಬಿಟ್ಟಿತು.

ಮೊಲದ ಹೆಸರು ಬತ್ತಾಸು. ರೂಮಿನಲ್ಲಿ ಜೊತೆಗಿದ್ದ ಪದ್ಮಶ್ರೀ ಮದುವೆಯಾಗಿ ಹೋಗುವಾಗ ಬಿಟ್ಟುಹೋದದ್ದು. ಫ್ಯಾಕ್ಟರಿಯ ಬಸ್ಸಿಳಿದು ರೂಮಿನ ಬೀಗ ತೆಗೆದರೆ, ಎರಡು ಕಿವಿ ನೆಟ್ಟಗೆ ಮಾಡಿಕೊಂಡು ಅವಳಿಗಾಗಿ ಕಾಯುವ ಜೀವ ಅದೊಂದೇ. ಆದರೆ ಅದಕ್ಕೆ ಒಂದು ತಿಂಗಳಿಂದ ಏನಾಗಿದೆಯೋ, ಮಂಚದ ಕೆಳಗೆ, ಸಿಲಿಂಡರಿನ ಮೂಲೆಯಲ್ಲಿ, ಚಾಪೆಯ ಮೇಲೆ, ಕಡೆಗೆ ಬಾಗಿಲ ಹೊಸಿಲ ಮೇಲೂ ಉಚ್ಚೆ ಹೊಯ್ಯುತ್ತಿದೆ. ರಟ್ಟಿನ ಡಬ್ಬ ಇಟ್ಟರೆ ಅದರೊಳಗೆ ಮಲಗುತ್ತದೆ, ಹೊರಗೆ ಬಂದು ಹೊಯ್ಯುತ್ತದೆ. ಕೋಲಾರದಲ್ಲಿ ದನದ ಡಾಕ್ಟರಿಗೆ ತೋರಿಸಿಯಾಯಿತು. ಕಾಯಿಲೆ ಏನೂ ಇಲ್ಲವಂತೆ.

ಮನೆಯ ಓನರ್ ಬಚ್ಚಮ್ಮ ಮೂಲೆಗಳನ್ನಾದರೂ ಕ್ಷಮಿಸಿಯಾಳು, ಹೊಸಿಲನ್ನು ಕ್ಷಮಿಸುವವಳಲ್ಲ. ಲಕ್ಷ್ಮಿ ಕಾಲಿಡುವ ಜಾಗ. ಇನ್ನು ಹತ್ತು ದಿನ, ಈ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬೆಳಿಗ್ಗೆ ಹೊಸಿಲು ಒಣಗಿರಬೇಕು, ಇಲ್ಲವಾದರೆ ತಮ್ಮ ಆಂಜಿನಪ್ಪ ಬಂದು ಮೊಲವನ್ನು ತೆಗೆದುಕೊಂಡು ಹೋಗುತ್ತಾನೆ ಎಂದಿದ್ದಳು. ಆಂಜಿನಪ್ಪ ಸಾಕುವುದಕ್ಕೆ ಕೊಂಡುಹೋಗುವವನಲ್ಲ. ಮೊನ್ನೆ ಕಿಟಕಿಯಲ್ಲಿ ಇಣುಕಿ, ಮಸಾಲೆ ಎಷ್ಟು ಬೇಕಾದೀತು ಎಂದು ಅಕ್ಕನನ್ನು ಕೇಳಿದ್ದ.

ಚಂದ್ರಮೋಹನ ನಗಲಿಲ್ಲ. ಮೊಲದ ಮಾತು ಕೇಳಿ ನಗದವರು ಅವಳಿಗೆ ಇಲ್ಲಿಯವರೆಗೆ ಒಬ್ಬರೂ ಸಿಕ್ಕಿರಲಿಲ್ಲ.

"ಫಿನಾಯಿಲ್ ಹಾಕಿ ಒರೆಸ್ತೀರಲ್ಲ, ಅದೇ ತಪ್ಪು ಅನ್ಸುತ್ತೆ," ಎಂದ. "ತನ್ನ ವಾಸನೆ ಹೋಯ್ತು ಅಂತ ಅದಕ್ಕೆ ಗಾಬರಿ. ಮತ್ತೆ ಹೊಯ್ದು ಗುರುತು ಹಾಕ್ಕೊಳುತ್ತೆ. ನಮ್ಮ ಹುಳಕ್ಕೂ ಇಲ್ಲಿ ಬಾ ಅಂತ ಹೇಳಕ್ಕಾಗಲ್ಲ ರೀ. ಕಸ ತೆಗೀಬೇಕಾದ್ರೆ ಮೇಲೆ ಬಲೆ ಹಾಸಿ ಹೊಸ ಸೊಪ್ಪು ಹಾಕ್ತೀವಿ. ಹಳೇದೆಲ್ಲ ಬಿಟ್ಟು ತಾವೇ ಹತ್ತಿ ಬರ್ತವೆ."

ಅವಳು ಸೊಪ್ಪು ಎತ್ತಿಕೊಂಡಳು. ತಿರುಗಿ ನೋಡಬಾರದು ಎಂದುಕೊಂಡೇ ತಿರುಗಿದಳು. ಅವನು ಇನ್ನೂ ಅಲ್ಲೇ ನಿಂತಿದ್ದ.

ಮರುದಿನ ಸಂಜೆ ಅವನ ಬೈಕು ಬಚ್ಚಮ್ಮನ ಗೇಟಿನ ಮುಂದೆ ನಿಂತಿತು. ಹಿಂದೆ ಹುಳು ಸಾಕುವ ಪ್ಲಾಸ್ಟಿಕ್ ಟ್ರೇ, ಒಂದು ಕಟ್ಟು ಒಣಹುಲ್ಲು. ಬಚ್ಚಮ್ಮ ಜಗುಲಿಯ ಮೇಲೆ ಕಾಲು ನೀಡಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಒಬ್ಬಳೇ ಇರುವ ಹುಡುಗಿಯ ರೂಮಿನೊಳಗೆ ಕಾಲಿಡುವ ಪ್ರಶ್ನೆಯೇ ಇಲ್ಲವಾದ್ದರಿಂದ ಚಂದ್ರಮೋಹನ ಕಿಟಕಿಯ ಹೊರಗೆ ನಿಂತೇ ಪಾಠ ಹೇಳಿದ. ಟ್ರೇ ಇಡಬೇಕಾದದ್ದು ನಮಗೆ ಬೇಕಾದ ಮೂಲೆಯಲ್ಲಲ್ಲ, ಮೊಲ ಆರಿಸಿಕೊಂಡ ಮೂಲೆಯಲ್ಲಿ. ತಳಕ್ಕೆ ಪೇಪರು, ಅದರ ಮೇಲೆ ಹುಲ್ಲು. ಒಂದು ತುದಿಗೆ ತಿನ್ನುವ ಸೊಪ್ಪು. ತಿನ್ನುತ್ತ ತಿನ್ನುತ್ತಲೇ ಅದು ಮಿಕ್ಕ ಕೆಲಸವನ್ನೂ ಮುಗಿಸಿಕೊಳ್ಳುತ್ತದೆ. ಅದು ಒದ್ದೆ ಮಾಡಿದ ಒಂದು ಚೂರು ಪೇಪರನ್ನು, ಮೆಣಸಿನ ಕಾಳಿನಂಥ ನಾಲ್ಕು ಹಿಕ್ಕೆಯನ್ನು ಅದರಲ್ಲೇ ಬಿಡಬೇಕು. ನೆಲಕ್ಕೆ ಫಿನಾಯಿಲ್ ಬೇಡ, ನಿಂಬೆಹಣ್ಣಿನ ನೀರು ಸಾಕು.

"ಇಷ್ಟೆಲ್ಲ ಹೆಂಗೆ ಗೊತ್ತು ನಿಮಗೆ?" ಎಂದು ಕೇಳಿದಳು.

"ಅರ್ಧ ಹುಳ ಕಲಿಸಿದ್ದು. ಇನ್ನರ್ಧ ನಿನ್ನೆ ರಾತ್ರಿ ಯೂಟ್ಯೂಬು," ಎಂದು ಅವನು ಕಿವಿಯ ಹಿಂದೆ ಕೆರೆದುಕೊಂಡ.

ಅವಳಿಗಾಗಿ ಒಬ್ಬ ಮನುಷ್ಯ ಕೂತು ಮೊಲದ ವಿಡಿಯೋ ನೋಡಿದ್ದಾನೆ. ಕಿಟಕಿಯ ಸರಳಿಗೂ ಅವನಿಗೂ ಈಗ ನಾಲ್ಕಡಿ. ಅವಳು ಹುಲ್ಲಿನ ಕಟ್ಟು ಬಿಚ್ಚುವುದರಲ್ಲಿ ಮುಖ ಮುಚ್ಚಿಕೊಂಡಳು.

"ಏನ್ಲಾ ಮೋಹನ, ನಮ್ಮನೆ ಕಿಟಕಿಗೂ ಸೊಪ್ಪು ಹಾಕ್ತೀಯಾ?" ಎಂದಳು ಬಚ್ಚಮ್ಮ, ಅವರೆಕಾಯಿಯಿಂದ ಕಣ್ಣೆತ್ತದೆ.

ಅವತ್ತಿನಿಂದ ತೇಜಸ್ವಿನಿ ಗೋಡೆಗೆ ಒಂದು ಚಾರ್ಟು ಅಂಟಿಸಿದಳು. ಫ್ಯಾಕ್ಟರಿಯಲ್ಲಿ ಕೆಟ್ಟ ಪೀಸಿಗೆ ಹಾಕುವಂತೆಯೇ ದಿನ, ಜಾಗ, ಒದ್ದೆಗೆ ಒಂದು ಗೀಟು. ಭಾನುವಾರಕ್ಕೆ ಮಂಚದ ಕೆಳಗಿನ ಕಾಲಂ ಖಾಲಿಯಾಯಿತು. ಸೋಮವಾರ ಚಾಪೆಯದು, ಮಂಗಳವಾರ ಸಿಲಿಂಡರಿನ ಮೂಲೆಯದು. ಬತ್ತಾಸು ಟ್ರೇಯಲ್ಲಿ ಯಜಮಾನನಂತೆ ಕೂತು ಸೊಪ್ಪು ಮೆಲ್ಲುತ್ತಿತ್ತು. ಹೊಸಿಲಿನ ಕಾಲಂನಲ್ಲಿ ಮಾತ್ರ ದಿನಕ್ಕೊಂದು ಗೀಟು ತಪ್ಪಲಿಲ್ಲ.

ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತುವಾಗ ಒಣಗಿರುವ ಹೊಸಿಲು ಮಧ್ಯಾಹ್ನ ಮೂರಕ್ಕೆ ಬಂದರೆ ಕಲೆಗಟ್ಟಿರುತ್ತಿತ್ತು. ಲೈನಿನಲ್ಲಿ ನಿಂತು ಪೀಸು ನೋಡುತ್ತಿದ್ದರೂ ಕಣ್ಣ ಮುಂದೆ ಆ ಮರದ ಪಟ್ಟಿಯೇ. ಊಟದ ಬಿಡುವಿನಲ್ಲಿ ಚಂದ್ರಮೋಹನನ ಮೆಸೇಜು ಬರುತ್ತಿತ್ತು. ಒಂದೇ ಮಾತು: ಒಣಗಿದೆಯಾ? ಮೂರಕ್ಕೆ ರೂಮಿಗೆ ಬಂದು ಹೊಸಿಲು ನೋಡಿ, ಇಲ್ಲ ಎಂದು ಉತ್ತರ ಬರೆಯುತ್ತಿದ್ದಳು. ಮೊಲ ಹೋದರೆ ಸೊಪ್ಪಿನ ನೆಪವೂ ಹೋಗುತ್ತದೆ ಎಂಬ ಯೋಚನೆ ಯಾವಾಗ ಒಳಗೆ ಸೇರಿತೋ ಗೊತ್ತಿಲ್ಲ. ಸೇರಿದ ಮೇಲೆ ಕದಲಲಿಲ್ಲ.

ಬುಧವಾರ ಹೊಸಿಲು ಒಣಗಿತ್ತು. ಗುರುವಾರವೂ. ಅವಳು ಬ್ಯಾಗು ಇಳಿಸದೆ ಹಿಪ್ಪುನೇರಳೆ ತೋಟಕ್ಕೆ ಓಡಿದಳು. ಅವನು ಕುಡುಗೋಲು ಹಿಡಿದೇ ಕೇಳಿಸಿಕೊಂಡು, ಏನೋ ಹೇಳಲು ಬಾಯಿ ತೆರೆದು, ಸೊಪ್ಪಿನ ಹೊರೆ ಕಟ್ಟತೊಡಗಿದ. ಹುಳ ಇನ್ನು ಎರಡು ಮೂರು ದಿನದಲ್ಲಿ ಹಣ್ಣಾಗುತ್ತವೆ, ಗೂಡು ಕಟ್ಟುತ್ತವೆ ಎಂದಷ್ಟೇ ಹೇಳಿದ. ಅದನ್ನು ಹೇಳುವಾಗ ಅವನ ಮುಖ ಯಾಕೆ ಬಾಡಿತು ಎಂದು ಅವಳಿಗೆ ಅರ್ಥವಾಗಲಿಲ್ಲ.

ಶುಕ್ರವಾರ ಹೊಸಿಲು ಮತ್ತೆ ಒದ್ದೆ.

ಶನಿವಾರ ಅವಳು ಗೋಡೆಯ ಚಾರ್ಟನ್ನೇ ಕಿತ್ತುಕೊಂಡು ತೋಟಕ್ಕೆ ಹೋದಳು. ಬದುವಿನ ಮೇಲೆ ಇಬ್ಬರ ನಡುವೆ ಆ ಹಾಳೆ ಹಾಸಿಕೊಂಡು ಕೂತರು. ಫ್ಯಾಕ್ಟರಿಯಲ್ಲಾದರೆ ಒಳ್ಳೆಯ ಪೀಸು ಬಂದ ದಿನ ಯಾವುದು ಬದಲಾಗಿತ್ತು ಎಂದು ಮೊದಲು ನೋಡುತ್ತೇವೆ ಎಂದಳು. ಮೊಲ ಅದೇ, ಹುಲ್ಲು ಅದೇ, ನಿಂಬೆ ನೀರೂ ಅದೇ. ಬುಧವಾರ, ಗುರುವಾರ ಊರಲ್ಲಿ ಇಲ್ಲದೇ ಇದ್ದದ್ದು ಏನು ಎಂದು ಚಂದ್ರಮೋಹನ ಕೇಳಿದ.

"ಬಚ್ಚಮ್ಮ," ಎಂದಳು ಅವಳು. ಮುಳಬಾಗಿಲಿಗೆ, ಮಗಳು ರಮಾದೇವಿಯ ಮನೆಗೆ ಹೋಗಿದ್ದರು. ಹಸುವಿನ ಹಾಲು ಕರೆದದ್ದು ಆಂಜಿನಪ್ಪ. ಅಂಗಳ ಸಾರಿಸಿದವರು ಯಾರೂ ಇಲ್ಲ. ಹೊಸಿಲಿಗೆ...

ಅವಳು ಚಾರ್ಟಿನ ಹೊಸಿಲಿನ ಕಾಲಂ ಮೇಲೆ ಬೆರಳಿಟ್ಟಳು.

ಗಂಜಲ. ಮೊಲ ಹೊಸಿಲು ಮೈಲಿಗೆ ಮಾಡಿದ ದಿನದಿಂದ ಬಚ್ಚಮ್ಮ ಪ್ರತಿ ಬೆಳಿಗ್ಗೆ, ಶುದ್ಧವಾಗಲಿ ಎಂದು, ಅವಳ ಹೊಸಿಲಿಗೂ ಹಸುವಿನ ಗಂಜಲ ಚಿಮುಕಿಸುತ್ತಿದ್ದಳು. ಹುಟ್ಟಿದಾಗಿನಿಂದ ಮೂಗಿಗೆ ಒಗ್ಗಿದ್ದು. ತೇಜಸ್ವಿನಿಗೆ ಅದು ವಾಸನೆ ಅಂತಲೇ ಅನ್ನಿಸಿರಲಿಲ್ಲ. ಮೊಲಕ್ಕೆ ಅನ್ನಿಸಿತ್ತು. ಬಾಗಿಲಲ್ಲಿ ದಿನಾ ಯಾವುದೋ ದೊಡ್ಡ ಪ್ರಾಣಿ ಬಂದು ಉಚ್ಚೆ ಹೊಯ್ದು ಹೋಗುತ್ತಿದೆ. ಇದು ನನ್ನ ಮನೆ ಎಂದು ಆ ಅಂಗೈಯಗಲದ ಜೀವ ದಿನಾ ಉತ್ತರ ಕೊಡುತ್ತಿತ್ತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಬರಬೇಕಿತ್ತು. ಬರಲಿಲ್ಲ. ನಲವತ್ತು ವರ್ಷದಿಂದ ಗಂಜಲ ಚಿಮುಕಿಸಿದ ಕೈಗೆ, ತಪ್ಪು ನಿಮ್ಮದೇ ಎಂದು ಹೇಳುವವರು ಯಾರು? ನಾನೇ ಹೇಳಲೇ ಎಂದ ಚಂದ್ರಮೋಹನ. ಬೇಡ, ಮೊಲ ನನ್ನದು ಎಂದಳು ತೇಜಸ್ವಿನಿ.

ಅಂದು ಸಂಜೆ ಬಚ್ಚಮ್ಮ ಕೊಟ್ಟಿಗೆಯಲ್ಲಿದ್ದಳು. ತೇಜಸ್ವಿನಿ ಹಸುವಿನ ಬೆನ್ನು ಸವರುತ್ತ, ಎಲ್ಲಿಂದಲೋ ಶುರುಮಾಡಿ, ಹೇಗೋ ಹೇಳಿ ಮುಗಿಸಿದಳು. ನಾಳೆ ಒಂದು ದಿನ ನನ್ನ ಹೊಸಿಲಿಗೆ ಮಾತ್ರ ಬೇಡ, ಒಳಬದಿಯನ್ನೆಲ್ಲ ಈಗಲೇ ನಿಂಬೆ ನೀರಲ್ಲಿ ತೊಳೆಯುತ್ತೇನೆ ಎಂದಳು.

ಬಚ್ಚಮ್ಮ ತಲೆಯೆತ್ತದೆ ಹಾಲು ಕರೆದು ಮುಗಿಸಿದಳು.

"ಮೂವತ್ತು ಜನ ಬಾಡಿಗೆಗೆ ಇದ್ದು ಹೋದ್ರು ಕಣಮ್ಮ ಈ ರೂಮಲ್ಲಿ. ನನ್ನ ಗಂಜಲಕ್ಕೆ ಹೆಸರಿಟ್ಟೋರು ಒಬ್ರೂ ಇಲ್ಲ," ಎಂದಳು ಕೊನೆಗೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ಕತ್ತಲು ಹರಿಯುವ ಮೊದಲೇ ತೇಜಸ್ವಿನಿಗೆ ಎಚ್ಚರ. ಬತ್ತಾಸನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಎದುರಾಗಿ ಕೂತಳು. ಕಿವಿಯೆಲ್ಲ ಬಾಗಿಲಲ್ಲಿ. ಮೊದಲು ಹೆಜ್ಜೆ. ಆಮೇಲೆ ಪೊರಕೆ. ತಂಬಿಗೆ ನೆಲಕ್ಕಿಟ್ಟ ಸದ್ದು. ಈಗ ಚಿಮುಕಿಸುತ್ತಾಳೆ. ಈಗ. ನೀರು ಬಿದ್ದ ಸದ್ದು ಬಂದೇಬಂತು. ಅವಳು ಕಣ್ಣು ಮುಚ್ಚಿದಳು.

ಬಾಗಿಲ ಸಂದಿನಿಂದ ಬಂದದ್ದು ಅರಿಶಿನದ ವಾಸನೆ.

ಬತ್ತಾಸು ಮಡಿಲಿಂದಿಳಿದು ಹೊಸಿಲ ಹತ್ತಿರ ಹೋಯಿತು. ಮೂಸಿತು. ಮತ್ತೊಮ್ಮೆ ಮೂಸಿತು. ಅದು ಮೂಗು ಒರೆಸಿಕೊಂಡು, ಕುಪ್ಪಳಿಸಿ ಟ್ರೇ ಹತ್ತಿ, ಹುಲ್ಲೆಳೆದು ತಿನ್ನತೊಡಗಿತು.

ಆರು ಗಂಟೆಗೆ ಫೋನು ಮಿಣುಕಿತು. ಒಣಗಿದೆಯಾ? ಅವಳು ಉತ್ತರ ಬರೆಯಲಿಲ್ಲ. ಇನ್ನೂ ಧೈರ್ಯವಿರಲಿಲ್ಲ.

ಒಂಬತ್ತಕ್ಕೆ ಆಂಜಿನಪ್ಪ ಗೋಣಿಚೀಲ ಹಿಡಿದು ಬಂದ. ಬಚ್ಚಮ್ಮ ಬಗ್ಗಿ, ಹೊಸಿಲ ಒಳಬದಿಗೆ ಅಂಗೈ ಒತ್ತಿ, ಮೂಗಿನ ಹತ್ತಿರ ಹಿಡಿದು ನೋಡಿದಳು. ತಮ್ಮನಿಗೆ ಕಾಫಿ ಕೊಟ್ಟಳು. ಅವನು ಕುಡಿದು ಏಳುವಾಗ, "ಚೀಲ ಬಿಟ್ಟು ಹೋಗೋ. ಮೊಲಕ್ಕೆ ಹುಲ್ಲು ತುಂಬಕ್ಕೆ ಆಗ್ತದೆ," ಎಂದಳು.

ತೇಜಸ್ವಿನಿಗೆ ಅವಳ ಕಾಲಿಗೆ ಬೀಳಬೇಕೆನಿಸಿತು. ಬಚ್ಚಮ್ಮ ಅದಕ್ಕೆ ಅವಕಾಶ ಕೊಡಲಿಲ್ಲ. ಒಂದು ಮೊಳ ಮಲ್ಲಿಗೆ ಕೈಗಿಟ್ಟು, ಹೋಗುವುದು ಹೋಗುತ್ತೀಯ, ಮುಡಿದುಕೊಂಡಾದರೂ ಹೋಗು ಎಂದು ಕೊಟ್ಟಿಗೆಯ ಕಡೆ ನಡೆದಳು. ಎಲ್ಲಿಗೆ ಎಂದು ಇಬ್ಬರೂ ಹೇಳಲಿಲ್ಲ.

ಹುಳು ಮನೆಯ ಹತ್ತಿರ ಬಂದಾಗ ಅವಳು ಮುಡಿಯಿಂದ ಮಲ್ಲಿಗೆ ತೆಗೆದು ಬೇಲಿಯ ಗೂಟಕ್ಕೆ ಸಿಕ್ಕಿಸಿದಳು. ಸ್ನಾನಕ್ಕೆ ಸೋಪು ಹಾಕಿರಲಿಲ್ಲ, ಪೌಡರು ಮುಟ್ಟಿರಲಿಲ್ಲ. ಹುಳಕ್ಕೆ ಸೋಂಕು ತಾಗದಿರಲೆಂದು ಬಾಗಿಲ ಬಳಿ ಸುಣ್ಣದ ಪುಡಿ ಹರಡಿತ್ತು. ಕಾಲು ತೊಳೆದು, ಹತ್ತಡಿ ಎಲ್ಲಿ ಬರುತ್ತದೋ ಅಲ್ಲಿ ನಿಂತಳು.

ಚಂದ್ರಮೋಹನ ಹೊರಗೆ ಬಂದ. ನಿದ್ದೆಯಿಲ್ಲದ ಕಣ್ಣು, ಹಣ್ಣಾದ ಹುಳ ಆರಿಸಿ ಆರಿಸಿ ಬೆರಳೆಲ್ಲ ಅಂಟು. ಅವಳ ಮುಖ ನೋಡಿ, ಕೇಳಲು ಹೆದರಿದ.

"ಒಣಗಿದೆ," ಎಂದಳು.

ಅವನು ಗೋಡೆಗೆ ಒರಗಿದ.

"ಇವತ್ತಿಗೆ ಸೊಪ್ಪು ಕೊಯ್ಯೋದು ಮುಗೀತು," ಎಂದ. "ಹುಳ ಗೂಡಿಗೆ ಏರಿದ್ವು. ಮೊಲಾನೂ ಸರಿಹೋಯ್ತು. ಇನ್ಮೇಲೆ ನೀವು ಈ ಕಡೆ ಯಾಕೆ ಬರ್ತೀರ ಅಂತ ಗುರುವಾರದಿಂದ ಅದೇ ಯೋಚನೆ ನಂಗೆ."

"ಬತ್ತಾಸಿಗೆ ದಿನಾ ಸೊಪ್ಪು ಬೇಕಲ್ಲ."

"ಬತ್ತಾಸಿಗೇನಾ?"

ಅವಳು ಸುಣ್ಣದ ಪುಡಿ ನೋಡುತ್ತ ನಿಂತಳು. ಲೈನಿನಲ್ಲಿ ಸಾವಿರ ಪೀಸು ನೋಡಿ ಸರಿ, ತಪ್ಪು ಎಂದು ಹೇಳಿದವಳು. ಈ ಒಂದು ಮಾತಿಗೆ ಅಳತೆ ಗೊತ್ತಿರಲಿಲ್ಲ.

"ನಂಗೆ," ಎಂದಳು.

ಅವನು ಬಾಗಿಲಿನಿಂದ ಪಕ್ಕಕ್ಕೆ ಸರಿದ. ಅವಳು ಆ ಹತ್ತಡಿ ನಡೆದು ಬಂದು ಅವನ ಎದುರು ನಿಂತಳು. ಅಷ್ಟು ಹತ್ತಿರದಲ್ಲಿ ಅಳೆಯುವುದಕ್ಕೆ ಏನೂ ಉಳಿದಿರಲಿಲ್ಲ.

"ಏನೋ ವಾಸನೆ ಬರ್ತಿದೆ," ಎಂದ ಮೆಲ್ಲಗೆ.

ಅವಳು ಥಟ್ಟನೆ ಒಂದು ಹೆಜ್ಜೆ ಹಿಂದೆ ಸರಿದಳು. "ಎಲ್ಲ ತೊಳ್ಕೊಂಡೇ ಬಂದಿದೀನಿ. ಹೂವೂ ಅಲ್ಲೇ ಬಿಟ್ಟೆ."

"ಮೊಲದ ಹುಲ್ಲಿನ ವಾಸನೆ. ಅದು ಇರ್ಲಿ," ಎಂದ ಅವನು. "ನೀನು ಒಳಗೆ ಬಾ."

ಒಳಗೆ ಗೂಡು ಕಟ್ಟಲೆಂದು ಇಟ್ಟ ಬಿದಿರಿನ ತಟ್ಟಿಗಳ, ಚಂದ್ರಿಕೆಗಳ ತುಂಬ ಹುಳಗಳು ಎಳೆ ಸುತ್ತಿಕೊಳ್ಳುತ್ತಿದ್ದವು. ಹತ್ತು ದಿನ ಸೊಪ್ಪು ಮೆಲ್ಲಿದ ಸದ್ದೆಲ್ಲ ನಿಂತು ಮನೆ ಮೌನವಾಗಿತ್ತು. ಅವನ ಅಂಟು ಬೆರಳು ಅವಳ ಬೆರಳಿಗೆ ತಾಗಿ, ಅಲ್ಲೇ ಹಿಡಿದುಕೊಂಡಿತು.