ತೊಳೆದಿಟ್ಟ ಬಾಟಲಿ

ಚಹಾ ಲೋಟಗಳ ಸಾಲಿನಲ್ಲಿ ಆ ಪುಟ್ಟ ಬಾಟಲಿಯನ್ನೂ ತೊಳೆದು ಬೋರಲು ಹಾಕಿದ್ದರು. ಮುಸರತ ಎತ್ತಿ ನೋಡಿದಳು, ಖಾಲಿ. ನಿನ್ನೆ ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಅವಳ ಎಡಭುಜದ ಗಡ್ಡೆಯಿಂದ ಕೊಯ್ದು ತೆಗೆದ ಮಾಂಸದ ಚೂರನ್ನು ಅದರೊಳಗೆ ಔಷಧಿ ನೀರಿನಲ್ಲಿ ಮುಳುಗಿಸಿ ಕೊಟ್ಟಿದ್ದರು. ಗಂಡ ಖಲಂದರ ಈ ಹೊತ್ತು ಗ್ಯಾರೇಜು ಮುಚ್ಚಿ ಅದನ್ನು ದಾವಣಗೆರೆಯ ಲ್ಯಾಬಿಗೆ ಒಯ್ಯಬೇಕಿತ್ತು. ಬರೀ ಗಂಟೋ, ಕ್ಯಾನ್ಸರೋ... ಆ ಚೂರೇ ಹೇಳಬೇಕು ಎಂದಿದ್ದರು ಡಾಕ್ಟರು.

"ಅಮ್ಮಿ, ಇದರಾಗಿದ್ದದ್ದು ಎಲ್ಲೈತ್ರಿ?"

ಅತ್ತೆ ಶಹಜಾನಬಿ ಅಕ್ಕಿ ಆರಿಸುತ್ತಲೇ ಹಿತ್ತಲ ಕಡೆ ಕಣ್ಣು ತೋರಿಸಿದಳು. "ದುಆ ಓದಿ ಮಣ್ಣು ಮಾಡೀನಿ. ಮನುಷ್ಯಾರ ಮೈದು ಬಾಟ್ಲ್ಯಾಗ ಇಡ್ತಾರೇನು? ನಿಮ್ಮ ಮಾವನ ಬೆರಳು ಮಷೀನಿಗೆ ಸಿಕ್ಕು ಹೋದಾಗೂ ಹಿಂಗ ಮಾಡಿದ್ದೆ."

ದಾಳಿಂಬೆ ಗಿಡದ ಬುಡದಲ್ಲಿ ಅಂಗೈಯಗಲದ ಗುಡ್ಡೆ. ನೀರು ಚಿಮುಕಿಸಿ, ಮೇಲೊಂದು ತುಂಡು ಮಲ್ಲಿಗೆ ಮಾಲೆ ಇಟ್ಟಿದ್ದಳು. ಈ ಮನೆಗೆ ಬಂದಾಗಿನಿಂದ ಅತ್ತೆ ತನಗೆ ಹೂವು ಕೊಟ್ಟದ್ದು ಇದೇ ಮೊದಲು ಎಂದು ಮುಸರತಳಿಗೆ ಹೊಳೆಯಿತು.

ಗ್ಯಾರೇಜು ಮುಚ್ಚಿ ಬಂದ ಖಲಂದರ ಸಂಗತಿ ಕೇಳಿ ಡಾಕ್ಟರಿಗೆ ಫೋನು ಹಚ್ಚಿದ. ಮಣ್ಣಿಗೆ ಬಿದ್ದದ್ದು ಪರೀಕ್ಷೆಗೆ ಬಾರದು, ಮತ್ತೆ ಕೊಯ್ಯಬೇಕು, ತಡ ಬೇಡ ಎಂದರಂತೆ. ತಾಯಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಗಾಯ ಮಾಯಲಿ, ಆಮೇಲೆ ನೋಡೋಣ ಎಂದು ಗೊಣಗಿದ. ಆಮೇಲೆ, ಆಮೇಲೆ ಎನ್ನುತ್ತಲೇ ಕಡಲೆಕಾಳಿನಷ್ಟಿದ್ದ ಗಡ್ಡೆ ನಿಂಬೆಹಣ್ಣಿನಷ್ಟಾಗಿತ್ತು. ಅತ್ತೆ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ದುಆ ಓದಿ ಹೂಳಿದವಳ ಮೇಲೆ ಹೇಗೆ ಸಿಟ್ಟಾಗುವುದು? ಗೋಡೆಯಾದರೆ ಗುದ್ದಬಹುದು, ಇದು ಮೆತ್ತನೆಯ ಮಣ್ಣು.

"ಅಮ್ಮಿ, ಒಂದು ಚೂರು ಹೂಳೀರಿ. ಅದು ಏನಂತ ತಿಳೀದಿದ್ರ ನನ್ನ ಪೂರ್ತಿ ಹೂಳಬೇಕಾಕೈತಿ."

ಮೊರದೊಳಗಿನ ಕೈ ನಿಂತಿತು.

"ನನಗ ಯಾರರ ಹೇಳಿದ್ರೇನು?" ಎಂದಳು ಶಹಜಾನಬಿ.

ನಿಜ, ಯಾರೂ ಹೇಳಿರಲಿಲ್ಲ. ಆ ರೋಗದ ಹೆಸರೆತ್ತಲು ಹೆದರಿ ಮುಸರತಳೂ ಹೇಳಿರಲಿಲ್ಲ.

ಮುದುಕಿ ಮೊರ ಬದಿಗಿಟ್ಟು ಎದ್ದಳು. ಬುರ್ಖಾ ತೊಟ್ಟು ಮಗನತ್ತ ತಿರುಗಿದಳು. "ನೀ ನಿನ್ನ 'ಆಮ್ಯಾಲೆ' ಹಿಡ್ಕೊಂಡು ಇಲ್ಲೇ ಕುಂದ್ರಲೇ. ನಡಿ ಬೇಟಿ."

ಆಸ್ಪತ್ರೆಯಲ್ಲಿ ಅದೇ ಗಾಯದ ಪಕ್ಕದಲ್ಲಿ ಮತ್ತೆ ಕೊಯ್ದರು. ದಾವಣಗೆರೆಯ ಬಸ್ಸು ಕುಲುಕಿದಾಗಲೆಲ್ಲ ಹೊಲಿಗೆ ಚುಳುಕ್ಕೆನ್ನುತ್ತಿತ್ತು. ಹೊಸ ಬಾಟಲಿ ಅತ್ತೆಯ ಮಡಿಲಲ್ಲಿತ್ತು, ಎರಡೂ ಕೈಗಳ ನಡುವೆ. ಇಸಿದುಕೊಳ್ಳಲು ಹೋದರೆ ಕೊಡಲಿಲ್ಲ.

"ನೀ ಮಲಕ್ಕೋ. ನಾ ಎಚ್ಚರ ಅದೀನಿ."

ಮುಸರತ ಬಲಗಡೆಗೆ ವಾಲಿ ಅತ್ತೆಯ ಹೆಗಲಿಗೆ ತಲೆಯಿಟ್ಟಳು. ಬಾಟಲಿಯ ಮೇಲೆ ಬಾಗಿದ ಮುದುಕಿಯ ತುಟಿ ಅಲುಗುತ್ತಿತ್ತು. ಹಿತ್ತಲಲ್ಲಿ ಓದಿದ ದುಆನೋ ಇದು, ಅಥವಾ ಬೇರೆಯದೋ... ಮುಸರತ ಕೇಳಲಿಲ್ಲ.