ಐದನೇ ಗುಂಪಿನ ಗೆರೆಗಳು

ಕಾಂತರಾಜ್ ಮತ್ತೆ ಮೂರು ಎಂದು ಬರೆದಿದ್ದರು. ನನ್ನ ಚೀಟಿಯಲ್ಲಿ ಐದು.

ವಿನೋಬನಗರದಲ್ಲಿ ಅವರದು ಹಳೆಯ ಕ್ಯಾಮೆರಾ ಲೆನ್ಸ್ ಮಾರುವ ಅಂಗಡಿ. ಮಾರುವ ಮೊದಲು ಪ್ರತಿ ಲೆನ್ಸಿನಿಂದಲೂ ಗೋಡೆಯ ಚಾರ್ಟಿನ ಫೋಟೊ ತೆಗೆಯುತ್ತಾರೆ. ಚಾರ್ಟಿನ ತುಂಬ ಕಪ್ಪು ಗೆರೆಗಳ ಗುಂಪುಗಳು, ಒಂದಕ್ಕಿಂತ ಒಂದು ಸಣ್ಣ. ಫೋಟೊದಲ್ಲಿ ಎಷ್ಟನೇ ಗುಂಪಿನವರೆಗೆ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತವೋ ಅದೇ ಆ ಲೆನ್ಸಿನ ಅಂಕಿ. ಒಂದೇ ಫೋಟೊವನ್ನು ಇಬ್ಬರು ಬೇರೆಬೇರೆ ನೋಡಿ ಬರೆಯಬೇಕು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ಆ ಎರಡನೆಯವಳು ನಾನು. ಭದ್ರಾವತಿಯಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ, ಭಾನುವಾರ ಇಲ್ಲಿಗೆ ಬರುತ್ತೇನೆ.

ನಾಲ್ಕು ಭಾನುವಾರಗಳಿಂದ ಅವರ ಅಂಕಿ ನನ್ನದಕ್ಕಿಂತ ಕಡಿಮೆ.

ನನ್ನ ಗಂಡ ಮಧುವಿಗೂ ಹೀಗೇ ಶುರುವಾಗಿತ್ತು. ಮೊದಲು ಬಸ್ಸಿನ ಬೋರ್ಡು ಓದಲಾಗಲಿಲ್ಲ. ಆಮೇಲೆ ತಲೆನೋವು, ಸ್ಕ್ಯಾನ್. ಏಳನೆಯ ತಿಂಗಳು ಅವನಿರಲಿಲ್ಲ.

"ಏಳಿ, ಕಣ್ಣಿನ ಡಾಕ್ಟರ್ ಹತ್ರ ಹೋಗೋಣ," ಎಂದೆ ಕಾಂತರಾಜ್‌ಗೆ.

"ನಂಗೇನಾಗಿದೆ ಮೇಡಂ? ಇನ್ನೊಂದ್ಸಲ ಫೋಟೊ ನೋಡೋಣ ಬನ್ನಿ."

ನಾನಾಗಲೇ ಅಂಗಡಿಯ ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರು ಎದ್ದು ಬಂದರು.

ಎರಡು ರಸ್ತೆ ಆಚೆ, ಭಾನುವಾರವೂ ತೆರೆದಿರುವ ಕ್ಲಿನಿಕ್ಕಿನಲ್ಲಿ ನರ್ಸ್ ಅವರ ಕಣ್ಣಿಗೆ ಹನಿ ಹಾಕಿ, ಅರ್ಧ ಗಂಟೆ ಮುಚ್ಚಿಕೊಂಡಿರಿ ಎಂದಳು. ಅವರ ಮುಖವನ್ನು ಮೊದಲ ಬಾರಿ ಪೂರ್ತಿ ನೋಡಿದೆ. ಒದ್ದೆ ರೆಪ್ಪೆಗಳು. ಎಡ ಹುಬ್ಬಿನಲ್ಲೊಂದು ಬಿಳಿ ಕೂದಲು. ಈ ಮುಖವೂ ಹೋಗಿಬಿಟ್ಟರೆ?

"ಇಂಪನಾ ಮೇಡಂ, ಇದ್ದೀರಾ?"

"ಹೂಂ."

"ಬೈಬೇಡಿ. ನಂಗೂ ಐದೇ ಕಾಣ್ಸೋದು."

"ಅಂದ್ರೆ?"

"ಬೇಕಂತ್ಲೇ ಮೂರು ಬರೀತಿದ್ದೆ. ಅಂಕಿ ಹೊಂದಿದ್ರೆ ನಾಲ್ಕರ ಬಸ್ಸಿಗೇ ಹೊರಟುಬಿಡ್ತೀರಿ. ಹೊಂದದಿದ್ರೆ ಸಂಜೆವರೆಗೂ ಇರ್ತೀರಿ."

ನಾನು ಕುರ್ಚಿಯಿಂದ ಎದ್ದು ನಿಂತೆ.

"ನಾಲ್ಕು ವಾರದಿಂದ ನಿದ್ದೆ ಮಾಡಿಲ್ಲ ನಾನು. ಮಧುಗೂ ಮೊದ್ಲು ಕಣ್ಣೇ ಮಂಜಾಗಿದ್ದು."

ಅವರ ಮುಖ ಬಿಳಿಚಿತು. "ಅಯ್ಯೋ. ನಂಗದು ಗೊತ್ತಿರ್ಲಿಲ್ಲ, ಇಂಪನಾ."

"ಹೀಗೆ ಹೆದರಿಸ್ಬೇಡಿ. ಇರ್ಬೇಕು ಅನ್ಸಿದ್ರೆ ಇರು ಅಂತ ಕೇಳಿ."

"ಇರ್ತೀಯಾ?"

"ಮೊದ್ಲು ಡಾಕ್ಟರ್ ನೋಡ್ಲಿ."

"ಕಣ್ಣು ಚೆನ್ನಾಗೇ ಇದೆ ಮಾರಾಯ್ತಿ!"

"ನೀವು ಹೇಳೋ ಅಂಕಿ ನಾನಿನ್ನು ನಂಬಲ್ಲ."

ಡಾಕ್ಟರ್ ಏನೂ ಇಲ್ಲ ಎಂದರು. ನಾನು ಎರಡು ಸಲ ಕೇಳಿದೆ.

ಹನಿ ಹಾಕಿದ್ದರಿಂದ ಹೊರಗಿನ ಬಿಸಿಲಿಗೆ ಅವರಿಗೆ ಕಣ್ಣು ಬಿಡಲಾಗಲಿಲ್ಲ. ಅವರ ಕೈ ಹಿಡಿದುಕೊಂಡೆ.

"ಯಾರಾದ್ರೂ ನೋಡ್ತಾರೆ," ಎಂದರು ಮೆಲ್ಲಗೆ.

"ನೋಡ್ಲಿ. ಮೆಟ್ಟಿಲಿದೆ, ಜೋಪಾನ."