ಮೂರು ಬದಾಮಿನ ಮೇಲೆ ನಾಲ್ಕು

"ಮೂರು ಬದಾಮ."

ಎಂದು ಕೂಗಿದಳು ಸ್ವಪ್ನಾಲಿ. ಕೈಯಲ್ಲಿ ಏಳು ಬದಾಮಿನ, ಅಂದರೆ ಹಾರ್ಟಿನ, ಎಲೆಗಳಿದ್ದವು, ಎಕ್ಕ ಒಂದೂ ಇರಲಿಲ್ಲ. ಬ್ರಿಜ್ ಆಟದಲ್ಲಿ ಇಂಥ ಬಡ ಎಲೆ ಬಂದರೆ ಎದುರಾಳಿಗಳು ಬಾಯಿ ತೆರೆಯುವ ಮೊದಲೇ ಇಷ್ಟು ಗೆಲ್ಲುತ್ತೇವೆಂದು ದೊಡ್ಡ ಬೋಲಿ ಕೂಗಿ ಅವರ ದಾರಿ ಕಟ್ಟಬೇಕು. ಕೂಗಿದವರು ಆಮೇಲೆ ಸುಮ್ಮನಿರಬೇಕು. ಮುಂದಿನದು ಜೋಡಿದಾರನಿಗೆ ಬಿಟ್ಟದ್ದು.

ಜೋಡಿದಾರ ಎದುರಿಗೇ ಕೂತಿದ್ದ. ಮಾಕಣಿಯ ಧನರಾಜ, ನಿಲಂಗಾದಲ್ಲಿ ದನದ ಡಾಕ್ಟರ್. ಆರು ತಿಂಗಳಿಂದ ಪ್ರತಿ ಭಾನುವಾರ ಉಮರ್ಗಾದ ಈ ಕ್ಲಬ್ಬಿನಲ್ಲಿ ಅವರಿಬ್ಬರದೇ ಜೋಡಿ.

ಆ ದಿನ ಬೆಳಿಗ್ಗೆ ತನ್ನೂರು ದಾಳಿಂಬದ ಮನೆಯಲ್ಲಿಯೂ ಅವಳು ಇಂಥದೇ ಒಂದು ಬೋಲಿ ಕೂಗಿ ಬಂದಿದ್ದಳು. ಮರುದಿನ ಬೇರೊಂದು ಗಂಡಿನ ಕಡೆಯವರು ನೋಡಲು ಬರುವವರಿದ್ದರು. ಅದಕ್ಕೂ ಮೊದಲೇ, "ಅಪ್ಪಾ, ನಾ ಧನರಾಜ ಡಾಕ್ಟರ್ನೇ ಲಗ್ನ ಆಗ್ತೀನಿ" ಎಂದುಬಿಟ್ಟಿದ್ದಳು.

"ಕುರಿ ಸಾಕೋರ ಮನಿ ಹುಡುಗ… ಹೋಗ್ಲಿ, ಅಂವಾ ಏನಂತಾನ?" ಎಂದಿದ್ದ ಮನ್ಮಥಪ್ಪ.

"ಸಂಜಿಗಿ ಹೇಳ್ತೀನಿ."

ಧನರಾಜನಿಗೆ ಇದರ ಸುಳಿವೂ ಇರಲಿಲ್ಲ.

ಅವನು ಎಲೆಗಳಿಂದ ಕಣ್ಣೆತ್ತಿದ. "ನಾಲ್ಕು ಬದಾಮ."

ಏರಿಸಿದನಲ್ಲ… ಹಾಗಾದರೆ ಅವನ ಬಳಿ ಎಕ್ಕ, ರಾಜ ಇರಲೇಬೇಕು.

"ಡಬಲ್," ಎಂದು ಪಕ್ಕದಲ್ಲಿದ್ದ ಎದುರಾಳಿ ಕಲ್ಯಾಣಪ್ಪ ಮಾಸ್ತರರು ಮೀಸೆಯಲ್ಲೇ ನಕ್ಕರು. ಈಗ ಸೋತರೆ ದಂಡ ಭಾರಿ.

ನಿಯಮದಂತೆ ಧನರಾಜ ತನ್ನ ಎಲೆಗಳನ್ನೆಲ್ಲ ಟೇಬಲ್ಲಿನ ಮೇಲೆ ತೆರೆದಿಟ್ಟ. ಬದಾಮಿನ ಮೂರು ಸಣ್ಣ ಎಲೆ. ಉಳಿದವೂ ಸಣ್ಣವೇ. ನಾಲ್ಕರ ಬೋಲಿಗೆ ಹತ್ತು ಸುತ್ತು ಗೆಲ್ಲಬೇಕಾದಲ್ಲಿ ಅವಳು ಗೆದ್ದದ್ದು ಏಳು. ಐನೂರು ಅಂಕ ಎದುರಾಳಿಗಳಿಗೆ.

"ಡಾಕ್ಟರೇ, ದನಕ್ಕ ಚುಚ್ಚಿದಂಗ ಜೋಡಿದಾರಗೂ ಸೂಜಿ ಚುಚ್ಚಿದ್ರಲ್ಲ," ಎಂದರು ಮಾಸ್ತರರು. ಸುತ್ತಲಿನವರು ನಕ್ಕರು.

ಸ್ವಪ್ನಾಲಿ ಎದ್ದು ಪಡಸಾಲೆಗೆ ಬಂದಳು. ಹಿಂದೆಯೇ ಬಂದ ಅವನಿಗೆ ಮುಖ ಕೊಡಲಿಲ್ಲ.

"ನನ್ನ ಎಲಿ ಬಡವು ಅಂತ ಗೊತ್ತಿದ್ದೂ ಏರಿಸಿದ್ರಿ. ಮಂದಿ ನಗಸ್ಲಾಕೇನ್ರಿ?"

"ಫಲಿತಾಂಶದ ಹಾಳಿ ಹಚ್ಚೂ ತನಕ ತಡೀರಿ," ಎಂದಷ್ಟೇ ಹೇಳಿದ.

ಇವನಿಗಾಗಿಯೇ ಅಪ್ಪನ ಮುಂದೆ ಅಷ್ಟು ಧೈರ್ಯದಿಂದ ಮಾತಾಡಿದೆನೇ… ಅವಳ ಕಣ್ಣು ತುಂಬಿದವು.

ಸ್ವಲ್ಪ ಹೊತ್ತಿಗೆ ಗೋಡೆಗೆ ಆ ಹಾಳೆ ಹಚ್ಚಿದರು. ಅವೇ ಎಲೆಗಳನ್ನು ಉಳಿದ ಟೇಬಲ್ಲುಗಳಲ್ಲಿಯೂ ಆಡಿದ್ದರು. ಅಲ್ಲೆಲ್ಲ ಎದುರಾಳಿಗಳು ಇಸ್ಪೀಕ್, ಅಂದರೆ ಸ್ಪೇಡ್, ಕೂಗಿ ಆಡಿ ಆರುನೂರಾ ಇಪ್ಪತ್ತು ಗಳಿಸಿದ್ದರು. ಇಲ್ಲಿ ಮಾತ್ರ ಐನೂರಕ್ಕೆ ನಿಂತಿತ್ತು. ಎಲ್ಲರಿಗಿಂತ ಕಡಿಮೆ ಸೋತವರು ಇವರೇ.

ಮಾಸ್ತರರೇ ಬಂದು ಒಪ್ಪಿಕೊಂಡರು. "ಮೂರಕ್ಕೇ ನಿಂತಿದ್ರ ನಾ ಇಸ್ಪೀಕ್ ಅಂತಿದ್ದೆ ತಂಗಿ. ಇಂವಾ ನಾಲ್ಕಂದ, ನನಗ ಧೈರ್ಯ ಆಗ್ಲಿಲ್ಲ."

ಅವಳು ತಿರುಗಿ ಧನರಾಜನನ್ನು ನೋಡಿದಳು. ಅಜ್ಜಿಯ ಕಥೆಗಳಲ್ಲಿ ಕತ್ತಿ ಹಿಡಿದವರು ಕಾಯಲು ಬರುತ್ತಿದ್ದರು. ಇವನು ಮೂರು ಸಣ್ಣ ಎಲೆ ಹಿಡಿದು ಬಂದಿದ್ದ.

"ನಿಮ್ಮ ಹಂತೇಲೂ ಏನೂ ಇದ್ದಿಲ್ಲ. ಹೆದರಿಕಿ ಬರ್ಲಿಲ್ಲೇನ್ರಿ?"

"ಬಂತು. ಆದ್ರ ನೀವು ಅಷ್ಟು ಮುಂದ ಹೋಗಿ ನಿಂತಿದ್ರಿ. ಒಬ್ಬಾಕಿನ್ನೇ ಹೆಂಗ ಬಿಡ್ಲಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮುಂಜಾನಿ ಅಪ್ಪನ ಮುಂದ ನಿಮ್ಮ ಹೆಸರು ಹೇಳಿ ಬಂದೀನಿ… ಲಗ್ನಕ್ಕ. ನಿಮಗ ಕೇಳದೇ. ನಾಳಿಗಿ ಬ್ಯಾರೇದವರು ನೋಡ್ಲಾಕ ಬರೋರಿದ್ರು. ಇನ್ನ ನಾ ಏನೂ ಮಾತಾಡಂಗಿಲ್ಲ."

ಧನರಾಜ ಕಿಸೆಯಿಂದ ಫೋನು ತೆಗೆದ.

"ಅವ್ವಾ, ತಯಾರಾಗಿ ಕೂಡು. ಸಂಜಿಗಿ ದಾಳಿಂಬಕ್ಕ ಹೋಗೂದದ."

ಮಾಳವ್ವನ ದೊಡ್ಡ ದನಿ ಸ್ವಪ್ನಾಲಿಗೂ ಕೇಳಿಸಿತು. "ಯಾರ ಎಮ್ಮಿಗಿ ಏನಾಗ್ಯದೋ? ಅದಕ ನಾ ಯಾಕ?"

"ಎಮ್ಮಿ ಅಲ್ಲವ್ವಾ. ನಿನ್ನ ಸೊಸಿ ಮನಿ."

"ಆ ಇಸ್ಪೇಟ ಆಡೂ ಹುಡುಗೀನಾ? ಆರು ತಿಂಗಳಿಂದ ಆಕೀದೇ ಮಾತು ಕೇಳಿ ಕೇಳಿ ಸಾಕಾಗ್ಯದ."

ಧನರಾಜನ ಕಿವಿ ಕೆಂಪಾದವು. ಫೋನು ಕಿಸೆಗೆ ಸೇರಿತು.

"ನಾ ಬರೀ ಹೆಸರು ಹೇಳಿದ್ದೆ," ಎಂದಳು ಅವಳು, ಅಳುತ್ತಲೇ ನಗುತ್ತ. "ನೀವು ಅವ್ವನ್ನೇ ಕರಕೊಂಡು ಹೊಂಟ್ರಿ."

"ಒಂದು ಏರಿಸೀನಿ," ಎಂದ ಧನರಾಜ.